ಖಾಲಿ ಕೈಗೊಂದು ಬಳ್ಳಿ

ವಾಡಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಜಂಕ್ಷನ್ನಿನ ಕಡೆಯಿಂದ ಸಿಗ್ನಲ್ ಸಿಗದೆ ನಿಂತ ಗೂಡ್ಸ್ ಗಾಡಿಯ ಸಿಳ್ಳೆ ಕೇಳಿಸುತ್ತಿದೆ. ನಿಲ್ದಾಣದಿಂದ ಕೂಗಳತೆಯಲ್ಲಿರುವ ಚಿಕ್ಕ ಹೆರಿಗೆ ಆಸ್ಪತ್ರೆಯ ಒಳಗಿನ ವಾರ್ಡಿನಲ್ಲಿ ಅನಸುಬಾಯಿ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಎಡಗೈಯ ಎರಡು ಬೆರಳನ್ನು ಎಲೆಯೊಂದರ ಕೆಳಗೆ ಆನಿಸಿ, ಬಲಗೈಯಲ್ಲಿರುವ ಹಿಂಡಿದ ಒದ್ದೆ ಬಟ್ಟೆಯನ್ನು ತೊಟ್ಟಿನಿಂದ ತುದಿಯವರೆಗೆ ಒಂದೇ ಸಲ ಎಳೆಯುತ್ತಾರೆ. ಬಟ್ಟೆಯ ಮೇಲೆ ಬೂದಿ ಬಣ್ಣದ ಗೆರೆ ಮೂಡುತ್ತದೆ. ಎಲೆ ಹಸಿರಾಗುತ್ತದೆ. ಬಟ್ಟೆ ಮಡಚಿ ಇನ್ನೊಂದು ಎಲೆಗೆ ಹೋಗುತ್ತಾರೆ.

ಕಿಟಕಿ ಮುಚ್ಚಿ, ಪರದೆ ಎಳೆದು ಮಲಗಿದರೂ ವಾಡಿಯ ಧೂಳಿಗೆ ಅದ್ಯಾವುದೂ ಲೆಕ್ಕಕ್ಕಿಲ್ಲ. ಸಿಮೆಂಟಿನದು, ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಗಣಿಯದು, ಲಾರಿಗಳು ಎಬ್ಬಿಸಿದ್ದು, ಎಲ್ಲ ಸೇರಿ ಬೆಳಗಾಗುವುದರೊಳಗೆ ಮಂಚದ ಸರಳು, ಸಲಾಯಿನ್ ಸ್ಟ್ಯಾಂಡು, ಕೂಸಿನ ತೊಟ್ಟಿಲು ಯಾವುದನ್ನೂ ಬಿಡದೆ ಬಂದು ಕೂತಿರುತ್ತದೆ. ಮಂಚ ತೊಟ್ಟಿಲುಗಳನ್ನು ಒರೆಸಲು ಬೇರೆಯವರಿದ್ದಾರೆ. ಈ ಬಳ್ಳಿಯನ್ನು ಒರೆಸುವವರು ಅನಸುಬಾಯಿ ಒಬ್ಬರೇ ಎಂದು ಆಸ್ಪತ್ರೆಗೆ ಬಂದುಹೋಗುವವರೆಲ್ಲ ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ.

ಕಿಟಕಿಯ ಪಕ್ಕದ ಮೂಲೆಯಲ್ಲಿ ಒಂದು ಮಣ್ಣಿನ ಕುಂಡ. ಅಲ್ಲಿಂದ ಹೊರಟ ಬಳ್ಳಿ ಗೋಡೆಗುಂಟ ಸಾಗಿ, ಬಾಗಿಲ ಚೌಕಟ್ಟಿನ ಮೇಲೆ ಹಾದು, ಆಚೆ ಬದಿಗೆ ಇಳಿಬಿದ್ದಿದೆ. ಮೊಳೆಗಳಿಗೆ ಸಡಿಲವಾಗಿ ಕಟ್ಟಿದ ಹಳೆಯ ಸಲಾಯಿನ್ ನಳಿಕೆಗಳೇ ಅದಕ್ಕೆ ಆಸರೆ. ದಾರ ಕಟ್ಟಿದರೆ ಎಳೆಯ ದೇಟು ಕುಯ್ದುಕೊಳ್ಳುತ್ತದಂತೆ, ನಳಿಕೆ ಮೆತ್ತಗೆ. ಎಲೆ ಥೇಟು ವೀಳ್ಯದೆಲೆಯ ಹಾಗೆ. ಸೊಸೆಯ ಹೆರಿಗೆಗೆ ಬಂದ ಅಜ್ಜಿಯರು ಸಂಚಿ ಬಿಚ್ಚಿಕೊಂಡು ಎರಡೆಲೆ ಕೀಳಲು ಕೈಚಾಚಿದ್ದೂ ಉಂಟು. ಬಾಯಿ ತುರಿಸುತ್ತದೆಂದು ಹೆದರಿಸಿ ಅವರನ್ನು ಕೂರಿಸಬೇಕು. ಬಂದವರೆಲ್ಲ ಇದನ್ನು ಮನಿಪ್ಲಾಂಟ್ ಎನ್ನುತ್ತಾರೆ. ಅಲ್ಲ, ಇದು ಫಿಲೊಡೆಂಡ್ರಾನ್ ಎಂದು ಡಾಕ್ಟರ್ ವೃಂದಾ ತಿದ್ದುತ್ತಾರೆ. ಅನಸುಬಾಯಿಗೆ ಎರಡು ಹೆಸರೂ ಬೇಡ. ಅವರ ಪಾಲಿಗೆ ಅದು ಬರೀ ಬಳ್ಳಿ.

ಅನಸುಬಾಯಿ ಇಲ್ಲಿನ ಆಯಾ. 1993ರಿಂದ ಇದೇ ಕೆಲಸ. ನೀರು ಕಾಯಿಸುವುದು, ಬಟ್ಟೆ ಒಗೆಯುವುದು, ನೋವು ತಿನ್ನುವವರ ಸೊಂಟ ತಿಕ್ಕುವುದು, ಹುಟ್ಟಿದ ಕೂಸನ್ನು ಒರೆಸಿ ಸುತ್ತಿ ಹೊರಗೆ ಕಾಯುತ್ತಿರುವವರ ಕೈಗಿಡುವುದು. ಚಿತ್ತಾಪುರ, ಶಹಾಬಾದ್, ಸೇಡಂ, ಚಿಂಚೋಳಿ ಕಡೆಯ ಎಷ್ಟೋ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ಇವರದು. ಆಗ ಸಿಗುವ ಸಕ್ಕರೆಯಲ್ಲಿ ಎಲ್ಲರಿಗೂ ಪಾಲಿದೆ. ಇನ್ನೊಂದು ಕೆಲಸವಿದೆ, ಅದರಲ್ಲಿ ಪಾಲು ಕೇಳುವವರಿಲ್ಲ. ಉಸಿರಿಲ್ಲದೆ ಹುಟ್ಟಿದ ಕೂಸನ್ನು ಒರೆಸಿ ಸುತ್ತಿ, ತಂದೆಯ ಕೈಗಿಡುವುದು.

"ಅದನ್ನೂ ನಾ ಹಂಗೇ ಸುತ್ತತೀನ್ರಿ, ಬೆಚ್ಚಗ," ಎನ್ನುತ್ತಾರೆ ಅನಸುಬಾಯಿ. "ಜೀವ ಇಲ್ಲಂತ ಹೆಂಗರೇ ಸುತ್ತಿ ಕೊಡಲಿಕ್ಕೆ ಬರತದೇನ್ರಿ? ಅದೂ ಒಂಬತ್ತು ತಿಂಗಳು ಹೊತ್ತದ್ದೇ."

ತಂದೆ ಎತ್ತಿಕೊಂಡು ಹೋಗುತ್ತಾನೆ. ತಾಯಿ ಉಳಿಯುತ್ತಾಳೆ. ಆಸ್ಪತ್ರೆ ಚಿಕ್ಕದು, ಇರುವುದೇ ಒಂದು ವಾರ್ಡು. ಆ ಪಕ್ಕ ಒಂದು ತೊಟ್ಟಿಲು, ಈ ಪಕ್ಕ ಒಂದು ತೊಟ್ಟಿಲು. ಮಗು ಅತ್ತಾಗಲೆಲ್ಲ ಅವಳ ಎದೆಯಲ್ಲಿ ಹಾಲು ಇಳಿಯುತ್ತದೆ. ಅದನ್ನು ಯಾರಿಗೆ ಹೇಳಬೇಕು?

ಈ ಪ್ರಶ್ನೆ ಅನಸುಬಾಯಿ ಯಾರಿಂದಲೋ ಕೇಳಿದ್ದಲ್ಲ. ಅವರ ಊರು ಗುಂಡಗುರ್ತಿ. ಮದುವೆಯಾಗಿ ವಾಡಿಗೆ ಬಂದಾಗ ಗಂಡ ಭೀಮಶ್ಯಾ ಪರ್ಸಿ ಗಣಿಯಲ್ಲಿ ಕಲ್ಲೆಬ್ಬಿಸುತ್ತಿದ್ದರು. ಮೊದಲ ಹೆರಿಗೆಗೆ ಇದೇ ಆಸ್ಪತ್ರೆಗೆ ಬಂದರು. ಗಂಡುಮಗು. ಅಳಲಿಲ್ಲ. ಕಿಟಕಿಯ ಪಕ್ಕದ ಮಂಚದಲ್ಲಿ ಗೋಡೆ ನೋಡುತ್ತ ಮಲಗಿಬಿಟ್ಟರು. ಅನ್ನ ಬಿಟ್ಟರು, ಮಾತು ಬಿಟ್ಟರು. ಮಾರನೆಯ ದಿನವೋ ಅದರ ಮಾರನೆಯ ದಿನವೋ ನೆನಪಿಲ್ಲ, ಆಗಿನ ಆಯಾ ಮಾಶಾಬಿ ಒಂದು ಒದ್ದೆ ಬಟ್ಟೆ ತಂದು ಅವರ ಕೈಯಲ್ಲಿಟ್ಟರು. "ಉಠೋ ಬೇಟಿ. ಖಾಲಿ ಕೈಯಾಗ ಕುಂದ್ರಬ್ಯಾಡ. ಇವುಗಳ ಮಾರಿ ಒರಸು," ಎಂದರು. ಬಳ್ಳಿಯ ಎಲೆಗಳನ್ನು ತೋರಿಸಿದರು.

"ಸಿಟ್ಟು ಬಂತ್ರಿ ನನಗ," ಅನಸುಬಾಯಿ ನೆನೆಯುತ್ತಾರೆ. "ಈ ಮುದುಕಿಗೆ ತಲಿ ಕೆಟ್ಟದೇನು, ನನ್ನ ಕೂಸು ಹೋಗ್ಯಾದ, ಎಲಿ ಒರಸು ಅಂತಾಳ ಅಂತ. ಸಿಟ್ಟಿಲೇ ಒರಸಿದೆ. ಒಂದು ಒರಸಿದೆ, ಎರಡು ಒರಸಿದೆ. ಐದಾರು ಆದ ಮ್ಯಾಲ ಅಳು ಬಂತ್ರಿ. ಅಲ್ಲೀತನ ಅತ್ತಿದ್ದಿಲ್ಲ ನಾ."

ಮುಂದೆ ಎರಡು ಹೆಣ್ಣುಮಕ್ಕಳಾದರು. ಇಬ್ಬರೂ ಈಗ ಸ್ಕೂಲಿಗೆ ಹೋಗುತ್ತಾರೆ. ಆದರೆ ಮೊದಲ ಹೆರಿಗೆಯಾಗಿ ಎರಡು ವರ್ಷಕ್ಕೆ, ಆಸ್ಪತ್ರೆಗೆ ಕೈಯಾಳು ಬೇಕಾಗಿದೆ ಎಂದು ಗೊತ್ತಾದಾಗ, ಬಸುರಿ ಬಾಣಂತಿಯರ ನಡುವೆ ಇರಲು ಆದೀತೇ ಎಂದು ಮನೆಯವರೆಲ್ಲ ಅಳುಕಿದರೂ ಅನಸುಬಾಯಿ ಸೆರಗು ಬಿಗಿದು ಬಂದುಬಿಟ್ಟರು. ಮಾಶಾಬಿಯ ಜೊತೆ ಐದಾರು ವರ್ಷ ದುಡಿದರು. ಮಾಶಾಬಿ ಕಣ್ಣು ಮಂಜಾಗಿ ಕೆಲಸ ಬಿಟ್ಟ ದಿನ ಬಳ್ಳಿಯನ್ನೂ ಬಟ್ಟೆಯನ್ನೂ ಇವರಿಗೊಪ್ಪಿಸಿ ಹೋದರು.

ಅಂದಿನಿಂದ ಕೂಸು ಕಳೆದುಕೊಂಡವಳಿಗೆ ಕಿಟಕಿ ಪಕ್ಕದ ಮಂಚ. ತೊಟ್ಟಿಲುಗಳಿಗೆ ಬೆನ್ನು, ಬಳ್ಳಿಗೆ ಮುಖ. ಎದ್ದು ಕೂರುವಷ್ಟು ಚೈತನ್ಯ ಬಂದ ಬೆಳಿಗ್ಗೆ ಕೈಗೊಂದು ಒದ್ದೆ ಬಟ್ಟೆ. ಹೀಗೆಂದು ಯಾವ ಗೋಡೆಯ ಮೇಲೂ ಬರೆದಿಲ್ಲ, ಯಾರೂ ಅಪ್ಪಣೆ ಕೊಟ್ಟಿಲ್ಲ. ನರ್ಸುಗಳು ಕೂಡ, ಪಾಪ, ಹೊತ್ತು ಹೋಗಲಿ ಎಂದು ಕೊಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಕೆಲವರು ಬಟ್ಟೆ ಎಸೆದುಬಿಡುತ್ತಾರೆ. ಅನಸುಬಾಯಿ ಎತ್ತಿಟ್ಟುಕೊಂಡು ಹೋಗುತ್ತಾರೆ, ಒತ್ತಾಯವಿಲ್ಲ. ಹೆಚ್ಚಿನವರು ಮಾತ್ರ ಒರೆಸುತ್ತಾರೆ.

ಬಳ್ಳಿಯ ಆರೈಕೆ ದೊಡ್ಡ ವಿದ್ಯೆಯೇನಲ್ಲ ಎಂಬುದು ಅನಸುಬಾಯಿಯ ಮಾತು. ಮಣ್ಣಿಗೆ ಬೆರಳು ಚುಚ್ಚಿ, ಒಣಗಿದ್ದರಷ್ಟೇ ನೀರು. ಬೋರಿನ ನೀರು ಸುಣ್ಣದ್ದು, ಹಾಕಿದರೆ ಕುಂಡದ ಬಾಯಿಗೆ ಬಿಳಿ ಕಟ್ಟುತ್ತದೆ. ಆದ್ದರಿಂದ ಕಾಯಿಸಿ ಆರಿಸಿ, ತಳದ ಸುಣ್ಣ ಬಿಟ್ಟು ಮೇಲಿನ ತಿಳಿನೀರನ್ನೇ ಹಾಕಬೇಕು. ಬಿಸಿಲು ಸೋಕಬಾರದು, ಬೆಳಕು ತಪ್ಪಬಾರದು. ಕೂಲರ್ ಗಾಳಿಗೆ ಎದುರಾಗಿ ಇಡಬಾರದು. ಬಳ್ಳಿ ತೀರಾ ಸಣಕಲಾಗಿ ಎಲೆ ದೂರದೂರವಾದರೆ ತುದಿ ಚಿವುಟಬೇಕು, ಬುಡದಲ್ಲಿ ಒಡೆಯುತ್ತದೆ. ಇವೆಲ್ಲ ಡಾಕ್ಟರ್ ವೃಂದಾ ಅವರ ತಂದೆ ವಾಸುದೇವ ಡಾಕ್ಟರು ಹೇಳಿಕೊಟ್ಟದ್ದು. ಆಸ್ಪತ್ರೆ ಕಟ್ಟಿಸಿದವರೂ, ಹೈದರಾಬಾದಿನಿಂದ ಸಲಾಯಿನ್ ಬಾಟಲಿಯಲ್ಲಿ ಒಂದು ತುಂಡು ಬಳ್ಳಿ ತಂದು ನೆಟ್ಟವರೂ ಅವರೇ. ಅವರು ತೀರಿಕೊಂಡ ಮೇಲೆ ಮಗಳಿಗೆ ಈ ಬಳ್ಳಿ ಎಂದರೆ ಅಪ್ಪ ಬಿಟ್ಟುಹೋದ ಜೀವ.

ಮಾಶಾಬಿಯ ಕಟ್ಟಪ್ಪಣೆ ಒಂದೇ: ಎಲೆಗೆ ಎಣ್ಣೆ ಸೋಕಬಾರದು. ಈ ಕಡೆ ಮನೆಗಳಲ್ಲಿ ಹಬ್ಬಕ್ಕೆ ನೆಲದ ಪರ್ಸಿಕಲ್ಲಿಗೆ ಎಣ್ಣೆ ಒರೆಸುವ ರೂಢಿಯಿದೆ. ಕಲ್ಲು ಕರ್ರಗೆ ಮಿರಮಿರ ಹೊಳೆಯುತ್ತದೆ. ಎಲೆಯೂ ಹೊಳೆಯಲೆಂದು ಅದೇ ಬಟ್ಟೆ ಆಡಿಸಲು ಕೈ ತುರಿಸುವವರು ಬಹಳ. ಬೇರೆ ಊರಿನಲ್ಲಿ ಏನಾಗುತ್ತದೋ ಗೊತ್ತಿಲ್ಲ. ವಾಡಿಯಲ್ಲಿ ಎಣ್ಣೆಯ ಮೇಲೆ ಧೂಳು ಕೂತು, ಬೆಳಗಿನ ತಂಪಿಗೆ ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡಿದ ಹಾಗೆ ಗಟ್ಟಿಯಾಗುತ್ತದೆ. ಎಲೆ ಉಸಿರುಕಟ್ಟಿ ಸಾಯುತ್ತದೆ.

ಅನಸುಬಾಯಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ದಿನ ಅವರು ಸುಮ್ಮನಿದ್ದರು.

2005ರ ಬೇಸಿಗೆ. ಚಿಂಚೋಳಿ ಕಡೆಯ ಒಬ್ಬ ಹೆಣ್ಣುಮಗಳು. ಎರಡು ಬಸಿರು ಇಳಿದುಹೋಗಿ, ಮೂರನೆಯದು ತುಂಬಿತ್ತು. ನೋವು ಬಂದು ಜೀಪಿನಲ್ಲಿ ಇಲ್ಲಿಗೆ ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು. ಆಪರೇಷನ್ ಮಾಡಿ ತಾಯಿಯನ್ನು ಉಳಿಸಿಕೊಂಡರು. ಅಂದು ಅನಸುಬಾಯಿ ಸುತ್ತಿ ಕೊಟ್ಟದ್ದು ಹೆಣ್ಣುಕೂಸನ್ನು. ಆ ಹೆಣ್ಣುಮಗಳು ಅಳಲಿಲ್ಲ. ಮೂರನೆಯ ಬೆಳಿಗ್ಗೆ ಬಟ್ಟೆ ಕೊಡಲು ಹೋದಾಗ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಬ್ಯಾಡ್ರಿ ಅಕ್ಕಾ. ನಾ ಮುಟ್ಟಿದ್ದು ಉಳಿಯಂಗಿಲ್ಲ," ಎಂದಳು.

"ಹಂಗೆಲ್ಲಾ ಅನಬಾರದು ತಂಗಿ. ಇದು ಗಟ್ಟಿ ಬಳ್ಳಿ ಅದ. ಎಷ್ಟು ಮಂದಿ ಮುಟ್ಟ್ಯಾರ ಇದನ್ನ. ನೀನೂ ಮುಟ್ಟಿ ನೋಡು," ಎಂದು ಬಟ್ಟೆಯನ್ನು ಮಂಚದ ತುದಿಗಿಟ್ಟು ಅನಸುಬಾಯಿ ನೀರು ಕಾಯಿಸಲು ಹೋದರು.

ತಿರುಗಿ ಬಂದಾಗ ಬಟ್ಟೆ ಇಟ್ಟಲ್ಲೇ ಇತ್ತು. ಹೆಣ್ಣುಮಗಳು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಬಳ್ಳಿಯ ಮುಂದೆ ನಿಂತಿದ್ದಳು. ಕೂಸಿಗೆ ಹಚ್ಚಿ ಎರೆಯಲೆಂದು ಅವಳ ತಾಯಿ ಊರಿನಿಂದ ಒಂದು ಸ್ಟೀಲ್ ಡಬ್ಬಿಯಲ್ಲಿ ಔಡಲೆಣ್ಣೆ ತಂದಿದ್ದರು. ಗಾಣದ್ದಲ್ಲ, ಮನೆಯಲ್ಲೇ ಕುದಿಸಿ ತೆಗೆದದ್ದು. ಆಮೇಲೆ ಅದನ್ನು ತಲೆದಿಂಬಿನ ಪಕ್ಕದಿಂದ ಎತ್ತಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಈಗ ಅದರ ಮುಚ್ಚಳ ತೆಗೆದಿತ್ತು. ಅವಳು ಎಣ್ಣೆಯಲ್ಲಿ ಬೆರಳದ್ದಿ ಎಲೆಗೆ ಹಚ್ಚುತ್ತಿದ್ದಳು. ಮೊದಲು ಮೇಲೆ, ಆಮೇಲೆ ಕೆಳಗೆ. ನಡುವಿನ ನರದಗುಂಟ ಹೆಬ್ಬೆರಳನ್ನು ಮೆಲ್ಲಗೆ ಕೆಳಗಿಳಿಸುತ್ತಿದ್ದಳು, ಕೂಸಿನ ಬೆನ್ನಿಗೆ ತಿಕ್ಕುವ ಹಾಗೆ. ಬಾಯಲ್ಲಿ ಏನೋ ಗುನುಗುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಒಂದು ಮಾತು ಸಾಕಿತ್ತು. ತಂಗಿ, ಎಣ್ಣೆ ಹಚ್ಚಬ್ಯಾಡ ಎಂದರೆ ಮುಗಿಯುತ್ತಿತ್ತು. ಎಲ್ಲಾ ಎಲೆಯನ್ನೂ ಆಗಲೇ ಸಾಬೂನು ನೀರಲ್ಲಿ ತೊಳೆದುಬಿಡಬಹುದಿತ್ತು.

"ಬಾಯಿತನಕ ಬಂದಿತ್ರಿ ಮಾತು," ಎನ್ನುತ್ತಾರೆ ಅನಸುಬಾಯಿ. "ನಾ ಮುಟ್ಟಿದ್ದು ಉಳಿಯಂಗಿಲ್ಲ ಅಂದಾಕಿ ಆಕಿ. ಈಗ ನಾ ಹೋಗಿ, ನೀ ಹಚ್ಚಿದ್ರ ಸಾಯ್ತದ ಅನಬೇಕೇನ್ರಿ? ನನ್ನ ಕಡಿಂದ ಆಗಲಿಲ್ಲ."

ಅವರು ಮಾಡಿದ್ದು ಇಷ್ಟು: ಸ್ಟೂಲು ತಂದು ಹತ್ತಿ, ಬಾಗಿಲ ಮೇಲಿನ ಬಳ್ಳಿಯನ್ನು ಮೊಳೆಯಿಂದ ಬಿಡಿಸಿ, ಅವಳ ಕೈಗೆಟಕುವಂತೆ ಕೆಳಗಿಳಿಸಿ ಹಿಡಿದರು. ಕೊನೆಯ ಎಲೆಯವರೆಗೂ ಹಿಡಿದೇ ನಿಂತರು. ಡಬ್ಬಿ ಖಾಲಿಯಾಯಿತು. ಹೆಣ್ಣುಮಗಳು ಮಂಚಕ್ಕೆ ಬಂದು ಮಲಗಿ, ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ ಗಾಢವಾಗಿ ನಿದ್ದೆ ಮಾಡಿದಳು. ಎದ್ದು ಗಂಜಿ ಕುಡಿದಳು.

ಹೊಲಿಗೆ ಬಿಚ್ಚುವವರೆಗೆ ಇನ್ನೂ ನಾಲ್ಕೈದು ದಿನ ಅವಳು ಅಲ್ಲೇ ಇದ್ದಳು. ಕಣ್ಣು ಬಿಟ್ಟರೆ ಎದುರಿಗೆ ಹೊಳೆಯುವ ಬಳ್ಳಿ. ಅವಳ ಮುಂದೆ ಆ ಎಣ್ಣೆಯನ್ನು ಒರೆಸಿ ತೆಗೆಯಲು ಅನಸುಬಾಯಿಗೆ ಕೈ ಬರಲಿಲ್ಲ. ಧೂಳು ತನ್ನ ಪಾಡಿಗೆ ತಾನು ಕೂರುತ್ತ ಹೋಯಿತು. ಅವಳು ಊರಿಗೆ ಹೊರಟ ಸಂಜೆಯೇ ಸಾಬೂನು ನೀರು ಹಿಡಿದು ಕೂತರು. ಅಷ್ಟೊತ್ತಿಗೆ ಔಡಲೆಣ್ಣೆ ಅಂಟಾಗಿ, ಅದರ ಮೇಲೆ ಬೂದಿ ಬಣ್ಣದ ಹೆಕ್ಕಳಿಕೆ ಕಟ್ಟಿತ್ತು. ತಿಕ್ಕಿದರೆ ಎಲೆಯೇ ಹರಿದು ಬರುತ್ತಿತ್ತು.

ಎಲೆಗಳು ಮೊದಲು ಹಳದಿಯಾದವು, ಆಮೇಲೆ ಅಂಚಿನಿಂದ ಕರಕಾದವು. ಪ್ರತಿ ಬೆಳಿಗ್ಗೆ ಒಂದು ಹಿಡಿ ಉದುರಿರುತ್ತಿತ್ತು. ರೌಂಡಿಗೆ ಬಂದ ಡಾಕ್ಟರ್ ವೃಂದಾ ಒಂದನ್ನು ಎತ್ತಿ ಮೂಸಿದರು. ಎಣ್ಣೆ ಯಾರು ಹಚ್ಚಿದ್ದು ಎಂದು ಕೇಳಿದರು.

"ನಾನೇ ರೀ ಡಾಕ್ಟರಬಾಯಿ. ಹೊಳೀಲಿ ಅಂತ ಹಚ್ಚಿದೆ," ಎಂದರು ಅನಸುಬಾಯಿ.

ವೃಂದಾ ಬಾಯಿಗೆ ಬಂದಂತೆ ಬೈಯುವವರಲ್ಲ. ಅಂದು ಬೈದರು. ಅಪ್ಪನ ಕೈಯ ಬಳ್ಳಿ, ಇಷ್ಟು ವರ್ಷ ನೋಡಿಕೊಂಡವರಿಗೆ ಇಷ್ಟು ತಿಳಿಯಬೇಡವೇ ಎಂದು ವಾರ್ಡಿನ ಎಲ್ಲರೆದುರು ಕೇಳಿದರು. ಅನಸುಬಾಯಿ ತಲೆ ತಗ್ಗಿಸಿ ನಿಂತರು. ಅಷ್ಟಕ್ಕೇ ಮುಗಿಯಲಿಲ್ಲ. ಹೆರಿಗೆಯ ಕೋಣೆಯ ಎದುರು ಒಣಕಡ್ಡಿ ತೂಗುವುದು ಒಳ್ಳೆಯ ಶಕುನವಲ್ಲ ಎಂದು ಬಸುರಿಯರ ಕಡೆಯವರು ಗೊಣಗತೊಡಗಿದರು. ಕುಂಡವನ್ನು ಹಿತ್ತಲಿಗೆ ಇಡಿ ಎಂದು ಡಾಕ್ಟರು ಹೇಳಬೇಕಾಯಿತು. ಮೇ ತಿಂಗಳ ವಾಡಿಯ ಹಿತ್ತಲೆಂದರೆ ಕಾದ ಹಂಚು. ಅನಸುಬಾಯಿ ಕೈ ಮುಗಿದು ಕೇಳಿಕೊಂಡರು: ಜೂನಿನಲ್ಲಿ ಬರುವ ಮಿರಗದ ಮಳೆಯವರೆಗೆ ಬಟ್ಟೆ ಇಡುವ ಕೋಣೆಯಲ್ಲಿರಲಿ, ಆಮೇಲೂ ಚಿಗುರದಿದ್ದರೆ ತಾನೇ ಎತ್ತಿ ಹಾಕುತ್ತೇನೆ. ವೃಂದಾ ಒಪ್ಪಿದರು.

ಒಣಗಿದ್ದನ್ನೆಲ್ಲ ಕತ್ತರಿಸಿದಾಗ ಉಳಿದದ್ದು ಗೇಣುದ್ದದ ಎರಡು ಕಡ್ಡಿ. ಉಗುರಿನಿಂದ ಗೀರಿದರೆ ಒಳಗೆ ತುಸು ಹಸಿರು ಕಾಣುತ್ತಿತ್ತು. ಆ ಹಸಿರನ್ನು ನೋಡಲು ದಿನಾ ಗೀರುತ್ತ ಹೋದರೆ ಇರುವುದೂ ಹೋದೀತೆಂದು ಗೀರುವುದನ್ನು ಬಿಟ್ಟರು.

ಅದೇ ದಿನಗಳಲ್ಲಿ ಶಹಾಬಾದಿನ ತಾಜುನ್ನಿಸಾ ಎಂಬವರ ಕೂಸು ಉಳಿಯಲಿಲ್ಲ. ಕಿಟಕಿ ಪಕ್ಕದ ಮಂಚ ಕೊಟ್ಟರು. ಎದುರಿಗೆ ಮೊಳೆಗಳಿದ್ದ ಬರಿ ಗೋಡೆ. ಅನಸುಬಾಯಿ ಒಗೆದ ಬಟ್ಟೆಗಳನ್ನು ತಂದು ಮಡಚಲು ಕೊಟ್ಟರು. ತಾಜುನ್ನಿಸಾ ಒಂದೆರಡು ಮಡಚಿ ಸುಮ್ಮನೆ ಕೂತುಬಿಟ್ಟರು. "ಬಟ್ಟಿಗೆ ಜೀವ ಇಲ್ಲಲ್ರಿ," ಎನ್ನುತ್ತಾರೆ ಅನಸುಬಾಯಿ. "ಇದ್ದದ್ದನ್ನೆಲ್ಲಾ ಒಬ್ಬಾಕಿಗೇ ಕೊಟ್ಟು ಕುಂತೀನಿ, ಇನ್ನೊಬ್ಬಾಕಿಗೆ ಏನ್ ಕೊಡಲಿ ಅಂತ ಆವತ್ತು ಭಾಳ ಸಂಕಟಾತು," ಎನ್ನುವಾಗ ಅವರ ದನಿ ಇಂದಿಗೂ ತಗ್ಗುತ್ತದೆ.

ಆ ಚಿಂಚೋಳಿ ಕಡೆಯ ಹೆಣ್ಣುಮಗಳು ತೋರಿಸಿಕೊಳ್ಳಲು ಒಮ್ಮೆ ಬಂದಳು. ಡಾಕ್ಟರರನ್ನು ಕಂಡು ಹೋಗುವ ಮುಂಚೆ ವಾರ್ಡಿನ ಬಾಗಿಲಲ್ಲಿ ನಿಂತು ಬರಿ ಗೋಡೆ ನೋಡಿದಳು. ಬಿಸಿಲು ಭಾಳ ತಂಗಿ, ತಂಪಿರಲಿ ಅಂತ ಒಳಗಿನ ಕೋಣೆಯಲ್ಲಿ ಇಟ್ಟೀನಿ ಎಂದರು ಅನಸುಬಾಯಿ. ನೋಡಬೇಕು ಎಂದು ಅವಳು ಕೇಳಲಿಲ್ಲ. ಹೂಂ ಎಂದು ತಲೆಯಾಡಿಸಿ, ತನ್ನ ಕೈಗಳನ್ನೊಮ್ಮೆ ನೋಡಿಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ.

ಮಿರಗ ಬಂತು, ಮಳೆ ತಡವಾಯಿತು. ಮಾತಿನಂತೆ ಎತ್ತಿ ಹಾಕಬೇಕಿತ್ತು. ಡಾಕ್ಟರು ಕೇಳಲಿಲ್ಲ, ಅನಸುಬಾಯಿ ನೆನಪಿಸಲಿಲ್ಲ. ಮೊದಲ ಮಳೆ ಬಿದ್ದು ಕೆಲವು ದಿನಗಳ ಮೇಲೆ, ಬಟ್ಟೆ ತರಲು ಕೋಣೆಗೆ ಹೋದಾಗ ಕಡ್ಡಿಯ ಗಿಣ್ಣಿನಲ್ಲಿ ಕೆಂಪಗೆ ಏನೋ ಮೊನೆ ಕಾಣಿಸಿತು. ಈ ಬಳ್ಳಿಯ ಎಳೆಯೆಲೆ ತೆಳುವಾದ ಪೊರೆಯೊಂದರಲ್ಲಿ ಸುತ್ತಿಕೊಂಡೇ ಹುಟ್ಟುತ್ತದೆ. ಬಿಚ್ಚಿಕೊಂಡಾಗ ತಾಮ್ರದ ಬಣ್ಣ, ಮೈಯೆಲ್ಲ ಮೆತ್ತಗೆ. ಅನಸುಬಾಯಿ ಡಾಕ್ಟರಿಗೆ ಹೇಳಲು ಓಡಲಿಲ್ಲ. ಬಾಗಿಲು ಹಾಕಿಕೊಂಡು, ಮಡಚಿದ ಬಟ್ಟೆಗಳ ಮೇಲೆ ತಲೆಯಿಟ್ಟು ಅತ್ತರು.

ಈಗ 2008. ಬಳ್ಳಿ ಮತ್ತೆ ಬಾಗಿಲು ದಾಟಿದೆ. ಈ ಲೇಖನಕ್ಕಾಗಿ ಮಾತಾಡಿಸಿದಾಗ ಅನಸುಬಾಯಿ ಮೊದಲೆರಡು ದಿನ ಎಣ್ಣೆಯ ಸುದ್ದಿಯನ್ನೇ ಎತ್ತಲಿಲ್ಲ. ಮೂರನೆಯ ದಿನ ಡಾಕ್ಟರ್ ವೃಂದಾ ಪಕ್ಕದಲ್ಲೇ ಕೂತು, ಎಣ್ಣೆ ಹಚ್ಚಿ ಬಳ್ಳಿ ಕೆಡಿಸಿದ ಹಳೆಯ ಕಥೆಯನ್ನು ನಗುತ್ತ ನೆನೆದರು. ಅನಸುಬಾಯಿ ನಗಲಿಲ್ಲ. ನಡೆದದ್ದೆಲ್ಲವನ್ನೂ ಹೇಳಿದರು.

ವೃಂದಾ ಅವರ ಮುಖ ಬಾಡಿತು. "ಅಲ್ಲ ಅನಸುಬಾಯಿ, ಮಂದಿ ಎದುರಿಗೆ ಅಷ್ಟು ಬೈದೆ ನಾನು. ಆಮೇಲಾದರೂ ನನಗೊಬ್ಬಾಕಿಗೆ ಹೇಳಬಾರದಿತ್ತೇನು?"

"ಆಕಿ ತೋರಸಲಿಕ್ಕೆ ಮತ್ತ ಬರಾಕಿ ಇದ್ದಳ್ರಿ. ನಿಮ್ಮ ಬಾಯಿಲೇ ಒಂದು ಮಾತು ಜಾರಿದ್ರ ಏನ್ ಮಾಡಬೇಕಿತ್ತು?" ಎಂದರು ಅನಸುಬಾಯಿ. "ಬೈಗುಳ ನನಗೇನ್ ಭಾರ ಆಗಲಿಲ್ರಿ. ಆಕಿ ಆ ಖಾಲಿ ಗೋಡಿ ನೋಡಿ ಹೋದಳಲ್ಲ, ಅದು ಭಾರ ಆಗ್ಯಾದ. ನಾ ಹೇಳಿದ್ದು ನಂಬಿದಳೋ ಇಲ್ಲೋ. ಮೂರು ವರ್ಷ ಆತು, ಅದೊಂದೇ ತಲಿಯಾಗ."

ಇದನ್ನೆಲ್ಲ ಪೇಪರಿನಲ್ಲಿ ಬರೆಯಬಹುದೇ ಎಂದು ಕೇಳಿದರೆ ಅವರು ಎದ್ದು ಹೋಗಿ ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತಾರೆ. ಯಾರದೋ ಕೂಸು ಅಳುತ್ತದೆ, ಯಾರೋ ಎತ್ತಿಕೊಳ್ಳುತ್ತಾರೆ.

"ಬರೀರಿ," ಎನ್ನುತ್ತಾರೆ ಕೊನೆಗೆ. "ಆಕಿ ಹೆಸರು ಬ್ಯಾಡ, ಊರು ಬ್ಯಾಡ. ಆಕಿ ಓದಿದ್ರ ಆಕಿಗೆ ತಿಳೀತದ. ಎಲಿ ಉದುರಿದ್ದು ಬರದ್ರ ಚಿಗರಿದ್ದೂ ಬರೀರಿ. ಬೇರೆ ಬಳ್ಳಿ ತಂದು ಹಚ್ಚಿದ್ದಲ್ಲ, ಅದೇ ಬೇರು, ಅದೇ ಬಳ್ಳಿ. ಆಕಿ ಕೈಯಾಗ ಏನೂ ಸತ್ತಿಲ್ಲ ಅಂತ ಬರೀರಿ."